ಕಣ್ಣು ತಪ್ಪಿಸುವವನು ಕಳ್ಳನೇ?

ಆಟಿಸಂ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಎಂದು ಅಳೆಯುವುದಕ್ಕೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ಪ್ರಶ್ನಾವಳಿ ಬಳಕೆಯಲ್ಲಿದೆ. ವೈದ್ಯರು ಅದನ್ನು ಚಿಕ್ಕದಾಗಿ ‘ಐಸಾ’ ಎನ್ನುತ್ತಾರೆ. ಸಿಕಂದರಾಬಾದಿನಲ್ಲಿರುವ ಒಂದು ರಾಷ್ಟ್ರೀಯ ಸಂಸ್ಥೆ ನಮ್ಮ ದೇಶದ ಮಕ್ಕಳಿಗೆಂದೇ ಸಿದ್ಧಪಡಿಸಿದ ಅಳತೆ ಅದು. ಒಟ್ಟು 40 ಅಂಶಗಳು. ಒಂದೊಂದು ವರ್ತನೆಯೂ ಎಷ್ಟು ಸಲ ಕಾಣುತ್ತದೆ ಎಂದು ತಂದೆತಾಯಿಯನ್ನು ಕೇಳಿ, ಮಗುವನ್ನು ನೋಡಿ, 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಮೊತ್ತ 70 ಮುಟ್ಟಿದರೆ ಸೌಮ್ಯ, 107ರಿಂದ ಮೇಲಕ್ಕೆ ಮಧ್ಯಮ, 153 ದಾಟಿದರೆ ತೀವ್ರ.

ಆ ಪಟ್ಟಿಯ ಮೊಟ್ಟಮೊದಲ ಅಂಶ: ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಅದರ ಬೆನ್ನಿಗೇ ಬರುವವು: ನಗುವಿಗೆ ನಗು ಕೊಡುವುದಿಲ್ಲ, ತನ್ನಷ್ಟಕ್ಕೆ ತಾನಿರುತ್ತಾನೆ. ಮುಂದೆ ಹೋದರೆ ಕೇಳಿದ್ದನ್ನೇ ತಿರುಗಿ ಹೇಳುವುದು, ಕೈ ಬಡಿಯುವುದು, ಮೈ ತೂಗುವುದು, ಕಾರಣವಿಲ್ಲದೆ ರೇಗುವುದು.

ಈಗ ಇಂಥ ಅಂಕ ಪಡೆದ ಹುಡುಗನೊಬ್ಬನಿಗೆ ಇಪ್ಪತ್ತು ವರ್ಷವಾಗಿದೆ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಅತ್ತಿಂದಿತ್ತ ತಿರುಗುತ್ತಿದ್ದಾನೆ. ಗಸ್ತಿನ ಪೊಲೀಸರು ಮುಖಕ್ಕೆ ಟಾರ್ಚು ಬಿಟ್ಟು ಯಾವೂರು ಎಂದು ಕೇಳುತ್ತಾರೆ. ಅವನು ಮುಖ ತಿರುಗಿಸುತ್ತಾನೆ. ಕೈ ಬಡಿಯುತ್ತಾನೆ. ಉತ್ತರ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ವೈದ್ಯರು ರೋಗಲಕ್ಷಣ ಎಂದು ಗುರುತು ಹಾಕಿಕೊಂಡ ಒಂದೊಂದನ್ನೂ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರು ಅನುಮಾನದ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ಆಟಿಸಂ ಇರುವವರ ಜೇಬಿನಲ್ಲಿ ಒಂದು ಗುರುತಿನ ಕಾರ್ಡು ಇರಬೇಕು ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ.

ಪೊಲೀಸರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಸುಳ್ಳು ಹೇಳುವವರನ್ನು ಹೇಗೆ ಗುರುತಿಸುತ್ತೀರಿ ಎಂದು 58 ದೇಶಗಳ ಜನರನ್ನು ಕೇಳಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೂರಕ್ಕೆ 64 ಮಂದಿ ಹೇಳಿದ್ದು ಒಂದೇ ಮಾತು: ಸುಳ್ಳುಗಾರ ಕಣ್ಣು ತಪ್ಪಿಸುತ್ತಾನೆ. ಭಾಷೆ, ಧರ್ಮ, ಖಂಡ ಯಾವುದಾದರೂ ನಂಬಿಕೆ ಮಾತ್ರ ಅದೇ. ಆ ನಂಬಿಕೆಗೆ ಆಧಾರ ಬಹಳ ತೆಳು. ಅದೇ ವರ್ಷ ಬಂದ ಇನ್ನೊಂದು ದೊಡ್ಡ ಸಮೀಕ್ಷೆ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಎದುರಿನವರನ್ನು ನೋಡಿ, ಮಾತು ಕೇಳಿ ಸುಳ್ಳು-ನಿಜ ಗುರುತಿಸಲು ಹೊರಟವರು ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ ಮಾತ್ರ ಎಂದು ಗೊತ್ತಾಯಿತು. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ.

ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನೇರವಾಗಿ ಆಟಿಸಂಗೆ ಜೋಡಿಸಿ ಪರೀಕ್ಷಿಸಿದರು. ಆಟಿಸಂ ಇರುವ ವಯಸ್ಕರು, ಇಲ್ಲದ ವಯಸ್ಕರು ಮಾತಾಡಿದ ವಿಡಿಯೊಗಳನ್ನು ಜನರಿಗೆ ತೋರಿಸಿ, ಇವರು ನಿಜ ಹೇಳುತ್ತಿದ್ದಾರೆಯೇ, ನಂಬಬಹುದೇ ಎಂದು ಕೇಳಿದರು. ಆಟಿಸಂ ಇರುವವರೇ ಹೆಚ್ಚು ಸುಳ್ಳುಗಾರರಂತೆ ಕಂಡರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಫಲಿತಾಂಶ. ಕಣ್ಣು ತಪ್ಪಿಸುವುದು, ಮೈ ಆಡಿಸುವುದು ಎಂದು ಬಿಡಿಬಿಡಿಯಾಗಿ ಅಳೆದ ಯಾವ ವರ್ತನೆಯೂ ಆ ಅಪನಂಬಿಕೆಗೆ ಪೂರ್ತಿ ಕಾರಣ ಕೊಡಲಿಲ್ಲ. ನೋಡಿದವರಿಗೆ ಒಟ್ಟಾರೆಯಾಗಿ ‘ಏನೋ ಸರಿಯಿಲ್ಲ’ ಅನ್ನಿಸಿತ್ತು, ಅಷ್ಟೇ. ಅಂದರೆ, ‘ಕಣ್ಣು ನೋಡಿ ಮಾತಾಡಪ್ಪ’ ಎಂದು ಮಗನಿಗೆ ವರ್ಷಗಟ್ಟಲೆ ಕಲಿಸಿದ ತಾಯಿಗೂ ನಿಶ್ಚಿಂತೆಯಿಲ್ಲ. ಕಲಿತದ್ದು ಸಾಲುವುದಿಲ್ಲ.

ಕಲಿಸುವುದೇ ಸರಿಯೇ ಎಂಬ ಪ್ರಶ್ನೆಯೂ ಇದೆ. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಆಟಿಸಂ ಇರುವವರಿಗೆ ಮುಖಗಳ ಚಿತ್ರ ತೋರಿಸಿ, ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿ ಮಿದುಳಿನ ಚಟುವಟಿಕೆ ಗಮನಿಸಿದರು. ಭಯ, ಎಚ್ಚರಿಕೆಗೆ ಸಂಬಂಧಿಸಿದ ಮಿದುಳಿನ ಒಳಭಾಗಗಳು ಇತರರಿಗಿಂತ ವಿಪರೀತ ಕೆರಳಿದವು. ಉದಾಸೀನದಿಂದ ನೋಡದೆ ಇರುತ್ತಾರೆ ಎಂದು ನಾವು ತಿಳಿದಿದ್ದೆವು. ನೋಡುವುದೇ ಅವರಿಗೆ ಸಂಕಟವಾಗಿರಬಹುದು. ‘ನನ್ನ ಮುಖ ನೋಡಿ ಮಾತಾಡು’ ಎಂದು ಠಾಣೆಯಲ್ಲಿ ಗದರಿಸಿದಾಗ ಮಾತು ಇನ್ನಷ್ಟು ಒಳಕ್ಕೆ ಹೋಗುವುದೇ ಹೆಚ್ಚು.

ಮಾತಿನ ವಿಷಯಕ್ಕೆ ಬಂದರೆ ಅಪಾಯ ಇನ್ನೂ ಹತ್ತಿರದ್ದು. ಆಟಿಸಂ ಇರುವ ಅನೇಕರು ಕೇಳಿದ್ದನ್ನು ಹಾಗೇ ಮರಳಿ ಹೇಳುತ್ತಾರೆ. ‘ನಿನ್ನ ಹೆಸರೇನಲೇ?’ ಎಂದರೆ ‘ನಿನ್ನ ಹೆಸರೇನಲೇ?’ ಎಂಬ ಉತ್ತರ ಬರುತ್ತದೆ. ಸ್ವರವೂ ಅದೇ, ಏರಿಳಿತವೂ ಅದೇ. ಖಾಕಿ ಹಾಕಿದವರಿಗೆ ಇದು ಅಣಕಿಸಿದಂತೆ ಕೇಳಿಸದೆ ಇನ್ನು ಹೇಗೆ ಕೇಳಿಸೀತು? ಆದರೆ ಇದು ಪ್ರಶ್ನೆಯನ್ನು ಬಾಯಲ್ಲಿ ಹಿಡಿದಿಟ್ಟುಕೊಂಡು ಅರ್ಥ ಹುಡುಕಿಕೊಳ್ಳುವ ಬಗೆಯೂ ಆಗಿರುತ್ತದೆ. ಸ್ವಲ್ಪ ಹೊತ್ತು ಕೊಟ್ಟರೆ ಹೆಸರು ಬರಬಹುದು. ಆ ಹೊತ್ತಿನಲ್ಲಿ ಎರಡನೇ ಪ್ರಶ್ನೆ ಹಾಕಿದರೆ ಮೊದಲಿನದೂ ಹೋಯಿತು.

ಮಾತನ್ನು ಅಕ್ಷರಶಃ ತೆಗೆದುಕೊಳ್ಳುವುದು ಮತ್ತೊಂದು. ನಮ್ಮಲ್ಲಿ ಬೆದರಿಸುವಾಗ ಆಡುವ ಮಾತುಗಳನ್ನು ಒಮ್ಮೆ ನೆನೆಸಿಕೊಳ್ಳಿ. ‘ಓಡು ನೋಡೋಣ!’ ‘ಇನ್ನೊಂದ್ಸಲ ಹೇಳು, ಗೊತ್ತಾಗುತ್ತೆ!’ ‘ಎಲ್ಲಿ, ಒಂದು ಹೆಜ್ಜೆ ಮುಂದಿಡು!’ ಓಡಬೇಡ ಎಂಬುದಕ್ಕೇ ನಾವು ಓಡು ನೋಡೋಣ ಎನ್ನುತ್ತೇವೆ. ಮಾತನ್ನು ಮಾತಿನಂತೆಯೇ ಕೇಳುವ ಹುಡುಗ ಓಡುತ್ತಾನೆ. ಓಡಿದವನನ್ನು ಹಿಡಿಯುತ್ತಾರೆ. ಹಿಡಿದ ಕೈಯ ಸ್ಪರ್ಶ ಅವನ ಚರ್ಮಕ್ಕೆ ನೋವಾಗಿ ತಟ್ಟಬಹುದು. ಅವನು ಕೊಸರಾಡುತ್ತಾನೆ, ಕಚ್ಚುತ್ತಾನೆ. ಇಷ್ಟಕ್ಕೆ ಎರಡು ನಿಮಿಷ ಬೇಕಿಲ್ಲ, ಯಾರೂ ಕೆಟ್ಟವರಾಗಿರಬೇಕಿಲ್ಲ.

ರಾಯದುರ್ಗ, ಮಡಕಶಿರದಂಥ ಆಂಧ್ರದ ಗಡಿ ಊರುಗಳಲ್ಲಿ ಇದಕ್ಕೆ ಭಾಷೆಯ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಹಳೆಯ ಬಳ್ಳಾರಿ ಜಿಲ್ಲೆಯನ್ನು 1953ರ ಅಕ್ಟೋಬರ್ 1ರಂದು ಒಡೆದಾಗ ಆದೋನಿ, ಆಲೂರುಗಳ ಜೊತೆಗೆ ರಾಯದುರ್ಗ ಆಂಧ್ರಕ್ಕೆ ಹೋಯಿತು. ಪಶ್ಚಿಮಕ್ಕೆ ಮೊಳಕಾಲ್ಮೂರು, ಉತ್ತರಕ್ಕೆ ಬಳ್ಳಾರಿ. ಮಡಕಶಿರವಂತೂ ಮೂರು ಕಡೆಯಿಂದ ಕರ್ನಾಟಕದೊಳಗೆ ತಲೆಚಾಚಿ ನಿಂತಿದೆ: ಪಾವಗಡ, ಶಿರಾ, ಮಧುಗಿರಿ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಮಡಕಶಿರ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಹೇಮಾವತಿಯ ಹೆಂಜೇರು ಸಿದ್ಧೇಶ್ವರನ ಜಾತ್ರೆಗೆ ಎರಡೂ ಕಡೆಯ ಜನ ಬರುತ್ತಾರೆ, ಸಂಬಂಧ ಬೆಳೆಸುತ್ತಾರೆ, ಆಸ್ಪತ್ರೆಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಹೋಗುತ್ತಾರೆ. ರಾಯದುರ್ಗದವರಿಗೆ ಬಳ್ಳಾರಿಯೇ ಹತ್ತಿರ.

ಕಷ್ಟಪಟ್ಟು ಒಂದು ಭಾಷೆಯಲ್ಲಿ ನಾಲ್ಕು ಮಾತು ಗಳಿಸಿಕೊಂಡ ಮಗುವನ್ನು ‘ನೀ ಪೇರೇಂಟಿ? ಏ ಊರು?’ ಎಂದು ತೆಲುಗಿನಲ್ಲಿ ಹೆಸರು, ಊರು ಕೇಳಿದರೆ ಏನಾಗುತ್ತದೆ ಎಂದು ಯೋಚಿಸಿ. ಸ್ಥಳೀಯ ಪೊಲೀಸರಿಗೆ ಕನ್ನಡ ಬರುತ್ತದೆ. ನೆಲ್ಲೂರಿನಿಂದಲೋ ಕಡಪದಿಂದಲೋ ಹೊಸದಾಗಿ ವರ್ಗವಾಗಿ ಬಂದ ಎಸ್‌ಐಗೆ ಬರಬೇಕೆಂದೇನಿಲ್ಲ. ಅದೇ ಮಗು ದಾರಿ ತಪ್ಪಿ ಶಿರಾ ಕಡೆ ನಡೆದುಬಿಟ್ಟರೆ ಅದರ ಕೊರಳಿಗೆ ತೆಲುಗಿನಲ್ಲಿ ಬರೆದ ಕಾರ್ಡು ಹಾಕಿದ್ದರೂ ಅಲ್ಲಿಯವರಿಗೆ ಓದಲು ಬರುವುದಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಮಗುವಿಗೆ ಮಾತು ತಡವಾದರೆ ‘ಎರಡು ಭಾಷೆ ಬೇಡ, ಮನೆಯಲ್ಲೂ ತೆಲುಗೇ ಆಡಿ’ ಎಂಬ ಸಲಹೆ ಗಡಿಯ ತಂದೆತಾಯಿಗೆ ಸಿಗುವುದುಂಟು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಆಟಿಸಂ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ಇದನ್ನು ಒಪ್ಪುವುದಿಲ್ಲ. ಎರಡನೇ ಭಾಷೆಯಿಂದಾಗಿ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಅಜ್ಜಿಗೆ ಬರುವ ಭಾಷೆಯನ್ನು ಮಗುವಿನಿಂದ ಕಿತ್ತುಕೊಂಡರೆ ಅದರೊಡನೆ ಮಾತಾಡುವವರೇ ಮನೆಯಲ್ಲಿ ಕಡಿಮೆಯಾಗುತ್ತಾರೆ. ಕನ್ನಡ ಬಿಡಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕಾರ್ಡು ಈಗಾಗಲೇ ಒಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆಂಧ್ರದಲ್ಲಿ ಜನ ‘ಸದರಂ’ ಎನ್ನುವ ಅಂಗವೈಕಲ್ಯದ ಸರ್ಟಿಫಿಕೇಟು ಅವಿಭಜಿತ ರಾಜ್ಯದ ಕಾಲದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದಾಗ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿ, ಆಟಿಸಂ ಅದರಲ್ಲಿ ತನ್ನದೇ ಹೆಸರಿನಿಂದ ಸೇರಿತು. 2021ರ ಜೂನ್ 1ರಿಂದ ದೇಶದಲ್ಲೆಲ್ಲ ಸರ್ಟಿಫಿಕೇಟು ಕೇಂದ್ರದ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ವ್ಯವಸ್ಥೆಯ ಮೂಲಕವೇ ಬರಬೇಕೆಂದಾಯಿತು. ಗ್ರಾಮ ಸಚಿವಾಲಯದಲ್ಲಿ ಸ್ಲಾಟ್ ಹಿಡಿದು, ತಪಾಸಣೆಯ ಕ್ಯಾಂಪಿನ ದಿನ ಆಸ್ಪತ್ರೆಯ ವರಾಂಡದಲ್ಲಿ ಮಗುವನ್ನು ಸಂಭಾಳಿಸುತ್ತ ಕಾದು, ಕೊನೆಗೆ ಕೈಗೆ ಬರುವ ಕಾರ್ಡಿನಲ್ಲಿ ಹೆಸರು, ಫೋಟೊ, ಅಂಗವೈಕಲ್ಯದ ಬಗೆ, ಶೇಕಡಾವಾರು ಪ್ರಮಾಣ ಇರುತ್ತವೆ. 40ರ ಕೆಳಗಿದ್ದರೆ ಬಿಳಿ, ಅಲ್ಲಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಆಂಧ್ರದಲ್ಲಿ 2024ರ ಜುಲೈಯಿಂದ ಅಂಗವಿಕಲರ ಪಿಂಚಣಿ ತಿಂಗಳಿಗೆ 6000 ರೂಪಾಯಿ ಆಗಿರುವುದರಿಂದ ಆ ಶೇಕಡಾ ಅಂಕಿಗೆ ಮನೆಯಲ್ಲಿ ಬಹಳ ಬೆಲೆ.

ಆದರೆ ಅದು ಸವಲತ್ತಿಗೆಂದು ಮಾಡಿದ ಕಾರ್ಡು. ಬೆಲೆಬಾಳುವ ದಾಖಲೆಯಾದ್ದರಿಂದ ಅದನ್ನು ಜೇಬಿಗೆ ಹಾಕಿ ಕಳಿಸುವವರಿಲ್ಲ. ಬೀರುವಿನಲ್ಲಿ ಆಧಾರ್, ರೇಷನ್ ಕಾರ್ಡಿನ ಜೊತೆ ಭದ್ರವಾಗಿರುತ್ತದೆ. ಹೊರಗೆ ತಂದರೂ ಓದಿದವರಿಗೆ ಏನು ತಿಳಿಯುತ್ತದೆ? ಶೇಕಡಾ 60 ಎಂದರೆ ಈತನನ್ನು ಮುಟ್ಟಬಹುದೋ ಮುಟ್ಟಬಾರದೋ? ಯಾವ ಭಾಷೆ ತಿಳಿಯುತ್ತದೆ? ಈಗ ನಾನೇನು ಮಾಡಲಿ? ಪೊಲೀಸರಿಗೆ ಬೇಕಾದ್ದು ಕೊನೆಯ ಪ್ರಶ್ನೆಗೆ ಉತ್ತರ.

ಬೇರೆ ಕಡೆ ಈ ಉತ್ತರವನ್ನು ಕಾರ್ಡಿನ ಮೇಲೆಯೇ ಬರೆಯುವ ಪ್ರಯತ್ನಗಳಾಗಿವೆ. ಬ್ರಿಟನ್ನಿನಲ್ಲಿ ಹಲವು ಕಡೆ ಪೊಲೀಸ್ ಇಲಾಖೆಯೇ ಕೈಜೋಡಿಸಿ ಆಟಿಸಂ ಎಚ್ಚರಿಕೆಯ ಕಾರ್ಡು ಕೊಡುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯ 2020ರಲ್ಲಿ ನೀಲಿ ಲಕೋಟೆಯ ಪದ್ಧತಿ ತಂದಿತು: ಗಾಡಿ ಓಡಿಸುವವರು ಲೈಸೆನ್ಸು, ಆರ್‌ಸಿಗಳನ್ನು ಅದರಲ್ಲಿಟ್ಟುಕೊಳ್ಳುತ್ತಾರೆ, ಹೇಗೆ ಮಾತಾಡಿಸಬೇಕು ಎಂಬ ಸೂಚನೆ ಲಕೋಟೆಯ ಹೊರಗೇ ಅಚ್ಚಾಗಿರುತ್ತದೆ. ಟೋಕಿಯೋದಲ್ಲಿ 2012ರಿಂದ ನೆರವು ಬೇಕಾದವರು ಚೀಲಕ್ಕೆ ನೇತುಹಾಕುವ ಕೆಂಪು ಪಟ್ಟಿ ಇದೆ, ಅದರ ಮೇಲೆ ಬಿಳಿಯ ಕೂಡುಗುರುತು ಮತ್ತು ಹೃದಯ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದ ಸೂರ್ಯಕಾಂತಿ ಹೂವಿನ ಕೊರಳಪಟ್ಟಿ ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಬಂದಿದೆ. ಅದರ ಗುಣವೆಂದರೆ ಯಾವ ತೊಂದರೆ ಎಂದು ಹೆಸರಿಸುವುದಿಲ್ಲ. ನನಗೆ ಸ್ವಲ್ಪ ಹೊತ್ತು ಬೇಕು ಎಂದಷ್ಟೇ ಸಿಬ್ಬಂದಿಗೆ ತಿಳಿಸುತ್ತದೆ.

ಹಾಗಾದರೆ ಅಮರಾಪುರದ ಒಂದು ಮಗುವಿನ ಕಾರ್ಡಿನಲ್ಲಿ ಏನಿರಬೇಕು? ನನ್ನ ಕೈಗೆ ಬರೆಯಲು ಕೊಟ್ಟರೆ ಇಷ್ಟು ಬರೆಯುತ್ತೇನೆ: ‘ನನಗೆ ಆಟಿಸಂ ಇದೆ. ಹೆದರಿದರೆ ನನ್ನ ಮಾತು ನಿಂತುಹೋಗುತ್ತದೆ. ದಯವಿಟ್ಟು ಮುಟ್ಟಬೇಡಿ, ಕೂಗಬೇಡಿ. ಒಂದು ಸಲಕ್ಕೆ ಒಂದೇ ಮಾತು ಕೇಳಿ, ಹತ್ತು ಎಣಿಸುವಷ್ಟು ಕಾಯಿರಿ. ನನಗೆ ಕನ್ನಡ ತಿಳಿಯುತ್ತದೆ, ತೆಲುಗು ಸ್ವಲ್ಪ. ಅಮ್ಮನಿಗೆ ಫೋನು ಮಾಡಿ.’ ಕೆಳಗೆ ಎರಡು ನಂಬರು, ಎರಡೂ ಯಾವಾಗಲೂ ಎತ್ತುವವರದು. ಇಷ್ಟನ್ನೇ ಒಂದು ಮಗ್ಗುಲಲ್ಲಿ ಕನ್ನಡದಲ್ಲಿ, ಇನ್ನೊಂದು ಮಗ್ಗುಲಲ್ಲಿ ತೆಲುಗಿನಲ್ಲಿ, ದೊಡ್ಡ ಅಕ್ಷರದಲ್ಲಿ. ಮೇಲ್ಗಡೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಮನೆಯ ವಿಳಾಸ ಬೇಡ. ಅದರಲ್ಲೂ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಬೇಡವೇ ಬೇಡ. ಈ ಮಗು ತಾನಾಗಿ ತಪ್ಪಿಸಿಕೊಳ್ಳಲಾರದು ಎಂಬುದನ್ನೂ ಅದೇ ಕಾರ್ಡು ಅಪರಿಚಿತರಿಗೆ ಹೇಳುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಶೇಕಡಾ ಅಂಕಿ ಬೀರುವಿನಲ್ಲೇ ಇರಲಿ.

ಕಾರ್ಡನ್ನು ಎಲ್ಲಿಡುವುದು ಎಂಬುದು ನೋಡಲು ಸಣ್ಣ ಪ್ರಶ್ನೆ, ಅನುಭವಿಸಿದವರಿಗೆ ದೊಡ್ಡದು. ಕೊರಳಿಗೆ ದಾರ ಹಾಕಿದರೆ ಎಷ್ಟೋ ಮಕ್ಕಳು ಸಹಿಸುವುದಿಲ್ಲ. ಅಂಗಿಯ ಕಾಲರಿನ ಲೇಬಲ್ ಚುಚ್ಚುತ್ತದೆಂದು ಅದನ್ನೇ ಕತ್ತರಿಸಿ ಹಾಕಿಸಿಕೊಳ್ಳುವ ಮಕ್ಕಳು ಇವರು. ಜೇಬಿನಲ್ಲಿಟ್ಟರೆ ಬಿದ್ದುಹೋಗುತ್ತದೆ, ಇಲ್ಲವೇ ತೆಗೆದು ಎಸೆಯುತ್ತಾರೆ. ರಾಯದುರ್ಗ ಜೀನ್ಸ್ ಹೊಲಿಯುವ ಊರು. ಸೊಂಟದ ಒಳಪಟ್ಟಿಯ ಬಟ್ಟೆಯ ಮೇಲೆಯೇ ಎರಡು ಸಾಲು, ಒಂದು ಫೋನ್ ನಂಬರು ಕಸೂತಿ ಹಾಕಿಸಿ, ಚರ್ಮಕ್ಕೆ ತಗಲದಂತೆ ಹೊಲಿಸುವುದು ಅಲ್ಲಿಯ ಟೈಲರುಗಳಿಗೆ ಒಂದು ಮಧ್ಯಾಹ್ನದ ಕೆಲಸ. ಒಳಗೆ ಹೊಲಿದದ್ದು ದಾರಿಯಲ್ಲಿ ಹೋಗುವವರಿಗೆ ಕಾಣದು, ಹುಡುಕಿ ನೋಡುವವರಿಗೆ ಸಿಗುತ್ತದೆ. ಸಚಿವಾಲಯದವರು ಮನಸ್ಸು ಮಾಡಿದರೆ ಸದರಂ ಕ್ಯಾಂಪಿನ ದಿನವೇ ಇಂಥ ಪಟ್ಟಿ ಕೊಟ್ಟು ಕಳಿಸಬಹುದು.

ಮನೆಯಿಂದ ಹೊರಟುಬಿಡುವುದು ಅಪರೂಪದ ಸಂಗತಿಯಲ್ಲ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಟಿಸಂ ಇರುವ 1218 ಮಕ್ಕಳ ಮನೆಯವರನ್ನು ಕೇಳಿದಾಗ, ಸುಮಾರು ಅರ್ಧದಷ್ಟು ಮಕ್ಕಳು ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಡಲು ನೋಡಿದ್ದರು. ಕಾಣೆಯಾದವರಲ್ಲಿ ಬಹಳ ಮಕ್ಕಳು ವಾಹನಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದರು, ನಾಲ್ಕರಲ್ಲಿ ಒಂದು ಪಾಲು ನೀರಿಗೆ ಬೀಳುವ ಅಪಾಯದಲ್ಲಿದ್ದವು. ನೀರಿನ ಹೊಳಪು, ಸದ್ದು ಇಂಥ ಅನೇಕ ಮಕ್ಕಳನ್ನು ಸೆಳೆಯುತ್ತದೆ. ಆದ್ದರಿಂದ ಮಗು ಕಾಣೆಯಾದಾಗ ಮೊದಲು ಬಸ್ ಸ್ಟ್ಯಾಂಡಿಗೆ ಓಡಬೇಡಿ. ಹತ್ತಿರದ ಬಾವಿ, ಕೃಷಿಹೊಂಡ, ಕೆರೆ ನೋಡಿ. ಆಮೇಲೆ ಉಳಿದ ಕಡೆ. ಹೆಸರು ಹಿಡಿದು ಕೂಗಿದರೆ ಓಗೊಡದ ಮಗುವನ್ನು ಹುಡುಕುವುದು ಬೇರೆಯೇ ಬಗೆ. ಅದಕ್ಕೆ ಇಷ್ಟದ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ನಡೆದರೆ ತಾನಾಗಿ ಬಂದೀತು.

ಕಾರ್ಡು ಕೆಲಸ ಮಾಡದ ಜಾಗಗಳೂ ಇವೆ. 2016ರ ಜುಲೈ 18ರಂದು ಅಮೆರಿಕದ ನಾರ್ತ್ ಮಯಾಮಿಯಲ್ಲಿ ಆಟಿಸಂ ಇರುವ ಯುವಕನೊಬ್ಬ ಆಟದ ಲಾರಿ ಹಿಡಿದು ರಸ್ತೆಯಲ್ಲಿ ಕೂತಿದ್ದ. ಅದನ್ನು ಬಂದೂಕು ಎಂದುಕೊಂಡು ಪೊಲೀಸರು ಬಂದರು. ಅವನನ್ನು ನೋಡಿಕೊಳ್ಳುತ್ತಿದ್ದ ಚಿಕಿತ್ಸಕ ಎರಡೂ ಕೈ ಮೇಲೆತ್ತಿ ನೆಲದ ಮೇಲೆ ಮಲಗಿ, ಇವನ ಕೈಯಲ್ಲಿರುವುದು ಆಟಿಕೆ ಎಂದು ಕೂಗಿ ಹೇಳಿದರೂ ಗುಂಡು ಹಾರಿತು. ಯುವಕನಿಗೆ ಗುರಿಯಿಟ್ಟದ್ದು ಚಿಕಿತ್ಸಕನ ಕಾಲಿಗೆ ಬಿತ್ತು. ಅಷ್ಟು ದೂರದಿಂದ ಯಾವ ಕಾರ್ಡನ್ನು ಯಾರು ಓದುತ್ತಾರೆ? ಹತ್ತಿರವೇ ಇದ್ದರೂ, ಕಾರ್ಡು ತೆಗೆಯಲೆಂದು ದಿಢೀರನೆ ಜೇಬಿಗೆ ಕೈ ಹಾಕುವುದೇ ಅಪಾಯ ತರಬಹುದು. ‘ನನ್ನ ಹತ್ತಿರ ಕಾರ್ಡಿದೆ’ ಎಂದು ಮೊದಲು ಹೇಳಿ ಆಮೇಲೆ ತೆಗೆಯುವುದನ್ನು ಮನೆಯಲ್ಲಿ ಆಡಿ ಆಡಿ ಅಭ್ಯಾಸ ಮಾಡಿಸಬೇಕು. ಅತ್ತ ಪೊಲೀಸರಿಗೂ ತರಬೇತಿ ಬೇಕು. ಇಂಗ್ಲೆಂಡ್, ವೇಲ್ಸ್‌ಗಳ 394 ಪೊಲೀಸರನ್ನು 2016ರ ಅಧ್ಯಯನವೊಂದು ಕೇಳಿದಾಗ ಆಟಿಸಂ ಬಗ್ಗೆ ತರಬೇತಿ ಸಿಕ್ಕಿದ್ದವರು ಹತ್ತರಲ್ಲಿ ನಾಲ್ವರೂ ಇರಲಿಲ್ಲ. ಕಾರ್ಡು ಕೊಡುವ ಪದ್ಧತಿ ಬೆಳೆದ ದೇಶದ ಸ್ಥಿತಿಯೇ ಹೀಗೆ.

ಕಾನೂನು ಪೊಲೀಸರ ಕೈಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ, ಸಾಕ್ಷಿಯಾಗಿ ವಿಚಾರಿಸಲು ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರನ್ನು ಅವರ ಮನೆ ಬಿಟ್ಟು ಬೇರೆ ಕಡೆಗೆ ಬರಹೇಳುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ವಿಶೇಷ ಶಿಕ್ಷಕರ ನೆರವು ಪಡೆಯುವ ಅವಕಾಶ ಪೋಕ್ಸೊ ಕಾಯ್ದೆಯಲ್ಲಿದೆ. ಈ ಕಲಮುಗಳೆಲ್ಲ ಎದುರಿಗಿರುವವರಿಗೆ ಅಂಗವೈಕಲ್ಯವಿದೆ ಎಂದು ಗೊತ್ತಾದ ಮೇಲೆ ಜೀವ ಪಡೆಯುವಂಥವು. ಕಣ್ಣಿಲ್ಲದವರ ಕೈಯ ಕೋಲು ಕಾಣುತ್ತದೆ, ಕಾಲಿಲ್ಲದವರ ಗಾಲಿಕುರ್ಚಿ ಕಾಣುತ್ತದೆ. ಆಟಿಸಂಗೆ ಹೊರಗೆ ಕಾಣುವ ಗುರುತೇ ಇಲ್ಲ. ಹಕ್ಕು ಪುಸ್ತಕದಿಂದ ಬೀದಿಗೆ ಇಳಿಯಬೇಕಾದರೆ ನಡುವೆ ಈ ಚಿಕ್ಕ ಚೀಟಿ ಬೇಕು ಎಂದು ನಾನು ನಂಬುವುದು ಅದಕ್ಕೇ.

ಗುರುತು ಹೊತ್ತು ತಿರುಗುವ ಭಾರ ಯಾಕೆ ಆ ಮಕ್ಕಳ ಮೇಲೇ ಎಂಬ ಆಕ್ಷೇಪ ನನಗೂ ನ್ಯಾಯವೆನಿಸುತ್ತದೆ. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಅಣ್ಣನ ಆಟಿಸಂ ಬಚ್ಚಿಡುವ ಮನೆಗಳು ಎಲ್ಲ ಊರಲ್ಲೂ ಇವೆ. ಅವರಿಗೆ ಕಾರ್ಡು ಎಂದರೆ ಹಣೆಗೆ ಬರೆದ ಹಾಗೆ. ಆದ್ದರಿಂದ ಇದು ಎಂದೂ ಕಡ್ಡಾಯವಾಗಬಾರದು. ಕಾರ್ಡು ತೋರಿಸಲಿಲ್ಲ ಎಂಬುದು ಯಾರ ವಿರುದ್ಧವೂ ಕಾರಣವಾಗಬಾರದು. ಮೇಲಾಗಿ, ಹಳ್ಳಿಗಳಲ್ಲಿ ಮೂವತ್ತು ನಲವತ್ತು ದಾಟಿದವರಲ್ಲಿ ಎಷ್ಟೋ ಜನರನ್ನು ಯಾವ ವೈದ್ಯರೂ ಪರೀಕ್ಷಿಸಿಲ್ಲ. ‘ಅವನು ಹಂಗೇನೇ, ಯಾರ ತಂಟೆಗೂ ಬರೋನಲ್ಲ’ ಎಂದು ಊರು ಅವರನ್ನು ಅವರ ಪಾಡಿಗೆ ಬಿಟ್ಟಿದೆ. ಊರೊಳಗೆ ಇರುವಷ್ಟು ದಿನ ಆ ಒಂದು ಮಾತೇ ಅವರಿಗೆ ರಕ್ಷೆ. ಬಳ್ಳಾರಿಯ ಬಸ್ಸು ಹತ್ತಿದ ಮೇಲೆ ಆ ಮಾತು ಹೇಳುವವರು ಜೊತೆಗಿರುವುದಿಲ್ಲ. ಅಂಥವರಿಗಾಗಿಯಾದರೂ, ಉತ್ತರ ಕೊಡದವರೆಲ್ಲ ಉದ್ಧಟರಲ್ಲ ಎಂಬ ಪಾಠ ಪೊಲೀಸ್ ತರಬೇತಿಯಲ್ಲಿ ಸೇರಬೇಕು. ಆ ಪಾಠಕ್ಕೆ ಒಂದು ದಿನ ಸಾಕು. ಪಾಠ ಹೇಳುವವರು ಆಟಿಸಂ ಇರುವವರೇ ಆಗಿದ್ದರೆ ಇನ್ನೂ ಒಳ್ಳೆಯದು.

ಅಷ್ಟರೊಳಗೆ ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಏನೂ ಗಲಾಟೆಯಿಲ್ಲದ ಒಂದು ಹಗಲು, ಮಗುವನ್ನು ಕರೆದುಕೊಂಡು ಹತ್ತಿರದ ಠಾಣೆಗೆ ಹೋಗಿ. ಎಸ್‌ಐಯನ್ನೋ ಬರವಣಿಗೆಯ ಕಾನ್‌ಸ್ಟೇಬಲನ್ನೋ ಕಂಡು ಒಂದು ಹಾಳೆ ಕೊಡಿ: ಮಗುವಿನ ಫೋಟೊ, ಭಾಷೆ, ಹೆದರುವ ಸದ್ದು, ಇಷ್ಟದ ತಿಂಡಿ, ಹಿಂದೆ ಹೊರಟುಹೋದಾಗ ಸಿಕ್ಕ ಜಾಗ, ಫೋನ್ ನಂಬರು. ಮಗುವಿಗೂ ಖಾಕಿ ಬಟ್ಟೆ, ವೈರ್‌ಲೆಸ್ ಸದ್ದು ಒಮ್ಮೆ ಪರಿಚಯವಾಗಲಿ. ಎಸ್‌ಐ ವರ್ಗವಾಗಿ ಹೊಸಬರು ಬಂದಾಗ ಮತ್ತೆ ಹೋಗಿ. ಗಡಿಯಲ್ಲಿರುವವರು ಆ ಹಾಳೆಯ ಇನ್ನೊಂದು ಪ್ರತಿಯನ್ನು ಆಚೆ ಕಡೆಯ ಠಾಣೆಗೂ ಕೊಡಬೇಕು, ರಾಯದುರ್ಗದವರು ಮೊಳಕಾಲ್ಮೂರಿಗೆ, ಅಮರಾಪುರದವರು ಶಿರಾ ಕಡೆಗೆ. 112ಕ್ಕೆ ಕರೆ ಮಾಡುವಾಗ ಮೊಬೈಲು ಯಾವ ರಾಜ್ಯದ ಟವರು ಹಿಡಿದಿದೆ ಎಂದು ಹೇಳಲಾಗದು, ಎತ್ತಿದವರು ತೆಲುಗಿನಲ್ಲಿ ಮಾತಾಡಿಸಬಹುದು, ಕನ್ನಡದಲ್ಲೂ ಮಾತಾಡಿಸಬಹುದು. ಊರು, ಮಂಡಲ, ತಾಲ್ಲೂಕು, ರಾಜ್ಯ ಇಷ್ಟನ್ನೂ ಮೊದಲೇ ಹೇಳಿ, ಆಟಿಸಂ ಇರುವ ಮಗು ಎಂಬುದನ್ನು ಎರಡನೇ ಮಾತಿನಲ್ಲೇ ಹೇಳಿಬಿಡಿ.